ದೆವ್ವದ ಕತೆಯನ್ನು ಆರಿಸುವ ಬಗೆ

ವರ್ಷಂಪ್ರತಿ ಅಕ್ಟೋಬರ್ 31ರ ಸಂಜೆ ಐರ್ಲೆಂಡ್, ಸ್ಕಾಟ್ಲೆಂಡ್, ಅಮೆರಿಕ ಮೊದಲಾದ ದೇಶಗಳಲ್ಲಿ ‘ಹ್ಯಾಲೋವೀನ್’ ಎಂಬ ಹಬ್ಬ ನಡೆಯುತ್ತದೆ. ಮರುದಿನ ಕ್ರೈಸ್ತರ ಸಕಲ ಸಂತರ ದಿನ. ಅದರ ಮುನ್ನಾದಿನದ ಸಂಜೆ ಎಂಬುದೇ ಹೆಸರಿನ ಅರ್ಥ. ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಆ ಸಂಧಿಯಲ್ಲಿ ಸತ್ತವರು ಬದುಕಿದವರ ನಡುವೆ ಸುಳಿಯುವರೆಂದು ಐರ್ಲೆಂಡಿನ ಹಳಬರು ನಂಬಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ವಲಸೆಗಾರರೊಡನೆ ಹಬ್ಬವು ಅಮೆರಿಕದಲ್ಲಿ ಬೇರೂರಿತು. ಆ ಋತುವಿನಲ್ಲಿ ದೆವ್ವದ ಕತೆಗಳನ್ನು ಹುಡುಕಿ ಓದುವುದು ಅಲ್ಲಿ ಅನೇಕರ ವಾಡಿಕೆ. ಆ ಪುಸ್ತಕಗಳು ನಮ್ಮ ಮನೆಗಳಿಗೂ ಬಂದಿವೆ. ಯಾವುದನ್ನು ಯಾರ ಕೈಗೆ ಕೊಡಬೇಕು? ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ.

ಬಹಳ ವರ್ಷಗಳ ಹಿಂದಿನ ಮಾತು. ಮಳೆಯಿಂದ ಆಟದ ಪೀರಿಯಡ್ಡು ತಪ್ಪಿದಾಗ, ಎಂಟನೆಯ ತರಗತಿಯ ಹುಡುಗರಿಗೆ ಡಬ್ಲ್ಯು. ಡಬ್ಲ್ಯು. ಜೇಕಬ್ಸ್ 1902ರಲ್ಲಿ ಪ್ರಕಟಿಸಿದ ‘ಮಂಕೀಸ್ ಪಾ’ ಕತೆಯನ್ನು ಹೇಳಿದೆ. ಇಂಡಿಯಾದಿಂದ ಮರಳಿದ ಸೈನಿಕನೊಬ್ಬ ತಂದ ಒಣಗಿದ ಕೋತಿಯ ಕೈ; ಅದಕ್ಕೆ ಮೂರು ವರ ಕೊಡುವ ಶಕ್ತಿ. ವೃದ್ಧ ದಂಪತಿಗಳು ಇನ್ನೂರು ಪೌಂಡು ಬೇಡುತ್ತಾರೆ. ಮಗ ಯಂತ್ರಕ್ಕೆ ಸಿಕ್ಕಿ ಸತ್ತು, ಪರಿಹಾರವಾಗಿ ಅಷ್ಟೇ ಹಣ ಬರುತ್ತದೆ. ತಾಯಿಯ ಒತ್ತಾಯಕ್ಕೆ ತಂದೆ ಮಗನನ್ನು ಮರಳಿ ಬೇಡಿದ ಮೇಲೆ ನಡುರಾತ್ರಿ ಬಾಗಿಲು ತಟ್ಟಿದ ಸದ್ದು! ಹೊರಗೆ ನಿಂತದ್ದನ್ನು ಯಾರೂ ಕಾಣುವುದಿಲ್ಲ. ಹುಡುಗರು ಉಸಿರು ಬಿಗಿಹಿಡಿದು ಕೇಳಿದರು. ಹಿಂದಿನ ಬೆಂಚಿನ ಒಬ್ಬ ಮಾತ್ರ ತಲೆಯೆತ್ತಲೇ ಇಲ್ಲ. ಅವನ ಅಣ್ಣ ಆ ಬೇಸಗೆಯಲ್ಲಿ ತೀರಿಕೊಂಡಿದ್ದನೆಂದು ನನಗೆ ತಿಳಿದದ್ದು ಆಮೇಲೆ. ಕತೆ ಉತ್ತಮವಾದುದೇ, ಕೇಳುವವನಾರೆಂದು ನಾನು ನೋಡಿರಲಿಲ್ಲ.

ಆದುದರಿಂದ ಮೊದಲನೆಯ ನಿಯಮ: ಪುಸ್ತಕಕ್ಕಿಂತ ಮುಂಚೆ ಓದುವವರನ್ನು ನೋಡಿರಿ.

ಎರಡನೆಯದು ರಸದ ವಿಚಾರ. ಭರತಮುನಿಯು ಭಯಾನಕವನ್ನೂ ಬೀಭತ್ಸವನ್ನೂ ಬೇರೆಬೇರೆ ರಸಗಳಾಗಿ ಎಣಿಸಿದ್ದಾನೆ. ಒಂದಕ್ಕೆ ಸ್ಥಾಯಿ ಭಯ, ಇನ್ನೊಂದಕ್ಕೆ ಜುಗುಪ್ಸೆ. ಇಂಗ್ಲೆಂಡಿನ ಕಾದಂಬರಿಗಾರ್ತಿ ಆ್ಯನ್ ರ್‍ಯಾಡ್‌ಕ್ಲಿಫ್, 1826ರಲ್ಲಿ ಅಚ್ಚಾದ ಪ್ರಬಂಧದಲ್ಲಿ, ಇದಕ್ಕೆ ಹತ್ತಿರವಾದ ಭೇದವನ್ನೇ ಮಾಡಿದ್ದಾಳೆ: ಮಸುಕಾಗಿ ಸೂಚಿಸಿದ ಭಯ ಮನಸ್ಸನ್ನು ಎಚ್ಚರಿಸಿ ವಿಸ್ತರಿಸುತ್ತದೆ, ಕಣ್ಣೆದುರು ಹರಡಿದ ಘೋರವು ಅದನ್ನು ಮರಗಟ್ಟಿಸುತ್ತದೆ. ರಕ್ತಮಾಂಸಗಳನ್ನೇ ವರ್ಣಿಸುವ ಪುಸ್ತಕವನ್ನು ಬದಿಗಿರಿಸಿದರೆ ನಷ್ಟವಿಲ್ಲ.

ಮಕ್ಕಳಿಗೆ ವಾಷಿಂಗ್ಟನ್ ಇರ್ವಿಂಗ್ 1820ರಲ್ಲಿ ಪ್ರಕಟಿಸಿದ ‘ಸ್ಲೀಪಿ ಹಾಲೋ’ ಕತೆಯಿಂದ ತೊಡಗಬಹುದು. ರುಂಡವಿಲ್ಲದ ಸವಾರನು ಅಟ್ಟಿಸಿಕೊಂಡು ಹೋಗುವುದು ಬಡಪಾಯಿ ಹಳ್ಳಿಯ ಮೇಷ್ಟರನ್ನು! ಬೆಳಗಾದಾಗ ದಾರಿಯಲ್ಲಿ ಸಿಕ್ಕಿದ್ದು ಒಡೆದ ಕುಂಬಳಕಾಯಿ. ಅಂಜಿಕೆಯ ಬೆನ್ನಿಗೇ ನಗು. ಹಿರಿಯರು ಕೂಡಿ ಓದಲು ಕೇಂಬ್ರಿಜ್ಜಿನ ವಿದ್ವಾಂಸ ಎಂ. ಆರ್. ಜೇಮ್ಸ್‌ನ 1904ರ ಕಥಾಸಂಗ್ರಹ ತಕ್ಕದ್ದು. ಇಂಥ ಕತೆಗಳನ್ನು ಆತ ಕ್ರಿಸ್ಮಸ್ ಸಮಯದಲ್ಲಿ ಸ್ನೇಹಿತರಿಗೆ ತಾನೇ ಓದಿ ಹೇಳುತ್ತಿದ್ದ. ಬ್ರಾಮ್ ಸ್ಟೋಕರನ ‘ಡ್ರಾಕುಲಾ’ (1897) ದಿನಚರಿ, ಪತ್ರಗಳ ರೂಪದ ದೀರ್ಘ ಕಾದಂಬರಿ. ಹಲವು ರಾತ್ರಿ ಒಬ್ಬರೇ ಓದಬೇಕಾದದ್ದು. ಮೇರಿ ಶೆಲ್ಲಿ ಹದಿನೆಂಟರ ವಯಸ್ಸಿನಲ್ಲಿ ತೊಡಗಿ 1818ರಲ್ಲಿ ಪ್ರಕಟಿಸಿದ ‘ಫ್ರಾಂಕೆನ್‌ಸ್ಟೈನ್’ ಅನ್ನು ಕಾಲೇಜಿನ ಮಕ್ಕಳಿಗೆ ಕೊಡಿರಿ. ಹುಟ್ಟಿಸಿದವನೇ ಕೈಬಿಟ್ಟ ಜೀವಿಯ ಗೋಳು ಅದರಲ್ಲಿ ಭಯಕ್ಕಿಂತ ದೊಡ್ಡದು.

ರೇಡಿಯೋ ಮನೆಯವರಿಗೆ ಇನ್ನೊಂದು ಮಾತು. ಕಿವಿಗೆ ಬಿದ್ದ ಕತೆಯ ಬಲ ಹೆಚ್ಚು. 1938ರ ಅಕ್ಟೋಬರ್ 30ರಂದು ಆರ್ಸನ್ ವೆಲ್ಸ್ ಅಮೆರಿಕದ ರೇಡಿಯೋದಲ್ಲಿ ಮಂಗಳಗ್ರಹದವರ ದಾಳಿಯ ನಾಟಕವನ್ನು ವಾರ್ತೆಗಳ ರೂಪದಲ್ಲಿ ಪ್ರಸಾರ ಮಾಡಿದಾಗ ಕೆಲವರು ನಿಜವೆಂದೇ ನಂಬಿ ಗಾಬರಿಗೊಂಡರು. ಪತ್ರಿಕೆಗಳು ಆ ಗಾಬರಿಯನ್ನು ಬಹಳ ಹಿಗ್ಗಿಸಿ ಬರೆದವೆಂದು ಮುಂದೆ ಸಂಶೋಧಕರು ತೋರಿಸಿದ್ದಾರೆ. ಆದರೂ ಎಚ್ಚರ ಒಳ್ಳೆಯದು. ಗಟ್ಟಿಯಾಗಿ ಓದುವ ಮುನ್ನ ನೀವೊಮ್ಮೆ ಮೌನವಾಗಿ ಓದಿಕೊಳ್ಳಿರಿ. ಮನೆಯಲ್ಲಿ ಸಾವಿನ ದುಃಖ ಹಸಿಯಾಗಿದ್ದರೆ ಆ ಪುಸ್ತಕ ಮುಂದಿನ ವರ್ಷದವರೆಗೆ ಕಾಯಲಿ. ಕತೆ ಮುಗಿದೊಡನೆ ದೀಪವಾರಿಸದೆ ಸ್ವಲ್ಪ ಹೊತ್ತು ಮಕ್ಕಳೊಡನೆ ಮಾತನಾಡಿರಿ. ಆ ಮಳೆಯ ದಿನ ನಾನು ಮಾಡದೆ ಹೋದದ್ದು ಅದನ್ನೇ.