ಹೊಟ್ಟೆಗೊಂದು ಪುಟ್ಟ ಬಾಗಿಲು

ಬೈಂದೂರಿನಿಂದ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಗೆ ಸುಮಾರು 70 ಕಿಲೋಮೀಟರ್. ನಮಗದು ಕುಂದಾಪುರ, ಬ್ರಹ್ಮಾವರ ದಾಟಿ ಹೋಗುವ ಒಂದು ಬಸ್ ಪ್ರಯಾಣ ಅಷ್ಟೇ. ಆದರೆ ಹೊಟ್ಟೆಗೆ ಟ್ಯೂಬ್ ಹಾಕಿಸಿಕೊಂಡ ಮಗುವಿರುವ ಮನೆಗೆ ಈ ದೂರದ ಲೆಕ್ಕವೇ ಬೇರೆ. ಯಾಕೆ ಅಂತ ನೋಡೋಣ.

ಸೆರೆಬ್ರಲ್ ಪಾಲ್ಸಿಯಂಥ ತೊಂದರೆಯಿರುವ ಕೆಲವು ಮಕ್ಕಳಿಗೆ ನುಂಗುವುದೇ ಕಷ್ಟ. ಕುಡಿಸಿದ ಗಂಜಿ ಶ್ವಾಸಕೋಶಕ್ಕೆ ಇಳಿಯಬಹುದು. ಮೂಗಿನ ಟ್ಯೂಬ್ ಸ್ವಲ್ಪ ದಿನಕ್ಕೆ ಸರಿ, ವರ್ಷಗಟ್ಟಲೆಗಾದರೆ ಜಠರಕ್ಕೇ ನೇರ ದಾರಿ ಬೇಕು. 1979ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಗಾಡರರ್ ಮತ್ತು ಪಾನ್ಸ್ಕಿ ಎಂಬ ವೈದ್ಯರು ಹೊಟ್ಟೆ ಕೊಯ್ದು ತೆರೆಯದೆ, ಬಾಯಿಂದ ಎಂಡೋಸ್ಕೋಪ್ ಇಳಿಸಿ ಈ ದಾರಿ ಮಾಡಿದರು. ಮೊದಲ ರೋಗಿ ಒಂದು ಹಸುಗೂಸು! ಲ್ಯಾಪ್ರೊಸ್ಕೋಪಿಯಲ್ಲಿ ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಜಾಗ ಮಾಡ್ತಾರೆ. ಸಣ್ಣ ತೂತಿನಿಂದ ಕ್ಯಾಮೆರಾ ಬಿಟ್ಟು, ಕರುಳು ನಡುವೆ ಸಿಕ್ಕಿಲ್ಲ ಅಂತ ನೋಡಿಕೊಂಡೇ ಜಠರವನ್ನು ಹೊಟ್ಟೆಯ ಗೋಡೆಗೆ ಹೊಲಿಯುತ್ತಾರೆ.

ಇನ್ನು ನಮ್ಮ ಸಬ್ಜೆಕ್ಟು. 12 ಫ್ರೆಂಚ್ ಟ್ಯೂಬ್ ಅಂದ್ರೆ ಹೊರವ್ಯಾಸ ಬರೀ 4 ಮಿಲಿಮೀಟರ್. ಕೊಳವೆಯಲ್ಲಿನ ಹರಿವು ತ್ರಿಜ್ಯದ ನಾಲ್ಕನೇ ಘಾತಕ್ಕೆ ಅನುಪಾತ ಅಂತ ಓದಿದ್ದೇವಲ್ಲ? ಒಳಗೆ ಸ್ವಲ್ಪ ಆಹಾರ ಅಂಟಿದರೂ ಹರಿವು ತುಂಬಾ ಇಳಿಯುತ್ತೆ. ಅದಕ್ಕೇ ಪ್ರತಿಸಲ ಉಣಿಸಿದ ಮೇಲೆ ನೀರು ಬಿಟ್ಟು ತೊಳೆಯಬೇಕು.

ಹಲವು ಟ್ಯೂಬ್‌ಗಳನ್ನು ಒಳಗೆ ಹಿಡಿದಿಡುವುದು ನೀರು ತುಂಬಿದ ಪುಟ್ಟ ಬಲೂನ್. ಅದು ಸೋರಿ ಟ್ಯೂಬ್ ಹೊರಬಿದ್ದರೆ, ತೂತು ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳತೊಡಗುತ್ತದೆ. ಆಪರೇಷನ್ ಹೊಸತಾಗಿದ್ದರೆ ಮನೆಯಲ್ಲಿ ತೂರಿಸಲೇಬಾರದು, ಆಸ್ಪತ್ರೆಗೇ ಓಡಬೇಕು. ದಾರಿ ಪೂರ್ತಿ ಮಾಗಿದ್ದರೆ, ವೈದ್ಯರು ಕಲಿಸಿಕೊಟ್ಟ ಅಪ್ಪ-ಅಮ್ಮ ಬದಲಿ ಟ್ಯೂಬ್ ಹಾಕಿ ಆ ದಾರಿ ಉಳಿಸಬಹುದು.

ಮಳೆಗಾಲದ ರಾತ್ರಿ 70 ಕಿಲೋಮೀಟರ್ ಅಂದ್ರೆ ಎಷ್ಟು ದೂರ ಅಂತ ಈಗ ಗೊತ್ತಾಯ್ತಲ್ಲ? ಬಲೂನ್ ಸೋರುವುದನ್ನು ಮೊದಲೇ ತಿಳಿಸುವ ಅಗ್ಗದ ಸಾಧನವೊಂದು ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ಯಾಕಾಗಬಾರದು?