ಹುಟ್ಟುಹಬ್ಬದ ದಿನ ಆ ಬೆಂಚು ಖಾಲಿ ಇರಲಿ

ಅಜ್ಜ ಅಜ್ಜಿಯರಿಗೆ ಗೊತ್ತಿರುವ ಹುಟ್ಟುಹಬ್ಬದಲ್ಲಿ ಬೆಳಗ್ಗೆ ಎಣ್ಣೆನೀರು, ಹೊಸಬಟ್ಟೆ, ಆರತಿ, ಮಧ್ಯಾಹ್ನ ಪಾಯಸದೂಟ. ಕೇಕು, ಬಲೂನು, ಗೆಳೆಯರ ಗಲಾಟೆ ಬಂದದ್ದು ಅಪ್ಪ ಅಮ್ಮನ ಕಾಲಕ್ಕೆ. ಈಗಿನ ಮಕ್ಕಳ ಬೇಡಿಕೆಯೇ ಬೇರೆ: "ಈ ಸಲ ಎಲ್ಲರೂ ವಂಡರ್‌ಲಾಗೆ ಹೋಗೋಣ!"

ಬೆಂಗಳೂರು–ಮೈಸೂರು ರಸ್ತೆಯಲ್ಲಿ ಬಿಡದಿಯ ಬಳಿ ಇರುವ ಈ ಪಾರ್ಕು 2005ರಲ್ಲಿ ಶುರುವಾಯಿತು. ಸುತ್ತುವ, ಜಾರುವ, ತಲೆಕೆಳಗಾಗುವ ಆಟಗಳೂ ಇವೆ, ನೀರಿನ ಆಟಗಳೂ ಇವೆ. ಮಕ್ಕಳಿಗೆ ಹಬ್ಬವೇ ಸರಿ. ಆದರೆ ಇಂಥ ಜಾಗಗಳಲ್ಲಿ ಒಂದು ನೋಟ ತಪ್ಪದೆ ಕಣ್ಣಿಗೆ ಬೀಳುತ್ತದೆ. ಮಕ್ಕಳು ಒಂದು ರೈಡಿನಿಂದ ಇನ್ನೊಂದಕ್ಕೆ ಓಡುತ್ತಿರುತ್ತಾರೆ, ಅಪ್ಪ ಅಮ್ಮ ಅವರ ಹಿಂದೆ. ಅಜ್ಜ ಅಜ್ಜಿ ಮಾತ್ರ ಬೆಂಚಿನ ಮೇಲೆ, ಎಲ್ಲರ ಬ್ಯಾಗು, ಚಪ್ಪಲಿ, ನೀರಿನ ಬಾಟಲಿ ಕಾಯುತ್ತಾ ಕುಳಿತಿರುತ್ತಾರೆ. ಸಂಜೆ ಫೋಟೋ ನೋಡಿದರೆ ಅವರಿರುವುದು ಒಂದರಲ್ಲೋ ಎರಡರಲ್ಲೋ. ಅಷ್ಟು ದೂರ ಬಂದದ್ದು ಚಪ್ಪಲಿ ಕಾಯಲಿಕ್ಕೇ?

ಬೆಂಚಿನ ಮೇಲೆ ಹುಟ್ಟಿದ ಯೋಚನೆ

ತಮಾಷೆ ಎಂದರೆ, ಜಗತ್ತಿನ ಅತ್ಯಂತ ಹೆಸರುವಾಸಿ ಪಾರ್ಕಿನ ಯೋಚನೆ ಹುಟ್ಟಿದ್ದೇ ಒಂದು ಬೆಂಚಿನ ಮೇಲೆ. ಮಿಕ್ಕಿ ಮೌಸ್ ಚಿತ್ರಗಳನ್ನು ಮಾಡಿದ ವಾಲ್ಟ್ ಡಿಸ್ನಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿದ್ದರು. ರಜಾದಿನಗಳಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಗ್ರಿಫಿತ್ ಪಾರ್ಕ್ ಎಂಬ ಉದ್ಯಾನಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಮಕ್ಕಳು ಮರದ ಕುದುರೆಗಳ ಮೇಲೆ ಸುತ್ತುತ್ತಿದ್ದರೆ ಅಪ್ಪ ಬೆಂಚಿನ ಮೇಲೆ ಕಡಲೆಕಾಯಿ ತಿನ್ನುತ್ತಾ ಕಾಯಬೇಕು. ದೊಡ್ಡವರೂ ಮಕ್ಕಳೂ ಒಟ್ಟಿಗೆ ನಲಿಯುವ ಜಾಗ ಒಂದಿರಬಾರದೇ ಎಂದು ಅವರಿಗೆ ಆಗ ಹೊಳೆಯಿತು. ಅದರ ಫಲವೇ 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ ಬಾಗಿಲು ತೆರೆದ ಡಿಸ್ನಿಲ್ಯಾಂಡ್. ಗ್ರಿಫಿತ್ ಪಾರ್ಕಿನ ಒಂದು ಹಳೆಯ ಬೆಂಚನ್ನು ಅಲ್ಲಿ ಜೋಪಾನವಾಗಿ ಇಟ್ಟಿದ್ದಾರೆ.

ಯಾರೂ ಬೆಂಚಿನ ಮೇಲೆ ಸುಮ್ಮನೆ ಕೂರಬಾರದು ಎಂದೇ ಹುಟ್ಟಿದ ಕಲ್ಪನೆ ಇದು. ನಮ್ಮ ಹುಟ್ಟುಹಬ್ಬದ ಪ್ರವಾಸಕ್ಕೂ ಇದನ್ನೇ ನಿಯಮ ಮಾಡಿಕೊಂಡರೆ ಹೇಗೆ?

ತಾರೀಖಿನ ತಕರಾರು

ಹುಟ್ಟುಹಬ್ಬ ಶಾಲೆಯ ದಿನ ಬಂದರೆ ಏನು ಮಾಡುವುದು? ಮುಂದಿನ ರಜೆಗೆ ಹೋದರಾಯಿತು. "ಅವತ್ತೇ ಆಗಬೇಕು" ಎಂದು ಹಟ ಹಿಡಿಯುವ ಮಕ್ಕಳು ಒಮ್ಮೆ ಅಜ್ಜಿಯನ್ನು ಕೇಳಿ ನೋಡಿ. ಹಿಂದೆ ಅನೇಕ ಮನೆಗಳಲ್ಲಿ ಹುಟ್ಟಿದ ದಿನವನ್ನು ತಿಥಿ ಅಥವಾ ನಕ್ಷತ್ರದ ಲೆಕ್ಕದಲ್ಲಿ ಆಚರಿಸುತ್ತಿದ್ದರು. ಅದು ಒಂದೊಂದು ವರ್ಷ ಒಂದೊಂದು ತಾರೀಖಿಗೆ ಬರುತ್ತಿತ್ತು. ಇನ್ನು ಅಜ್ಜಂದಿರಲ್ಲಿ ಹಲವರ ಜನ್ಮದಿನಾಂಕ ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದುಕೊಂಡದ್ದು! ತಾರೀಖು ನಾಲ್ಕು ದಿನ ಹಿಂದೆಮುಂದೆ ಆದರೆ ಹಬ್ಬ ಕೆಡುವುದಿಲ್ಲ.

ಕೇಳುವುದು ವಯಸ್ಸಲ್ಲ, ಎತ್ತರ

ಹುಟ್ಟುಹಬ್ಬದ ದಿನ ಮಕ್ಕಳು ಅಳುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಸಾಲಿನಲ್ಲಿ ಅರ್ಧ ಗಂಟೆ ನಿಂತು ರೈಡಿನ ಬಾಗಿಲಿಗೆ ಬಂದರೆ, ಅಲ್ಲೊಂದು ಅಳತೆಯ ಕಂಬ. ಎರಡು ಸೆಂಟಿಮೀಟರ್ ಕಡಿಮೆ, ಒಳಗೆ ಬಿಡುವುದಿಲ್ಲ. "ನನಗೆ ಇವತ್ತಿಗೆ ಒಂಬತ್ತು ತುಂಬಿತು" ಎಂದರೂ ಕಂಬ ಕೇಳುವುದಿಲ್ಲ.

ವಂಡರ್‌ಲಾದಲ್ಲಿ ಮಕ್ಕಳ ಟಿಕೆಟ್ಟಿನ ಲೆಕ್ಕವೂ ಎತ್ತರದ್ದೇ. 85 ಸೆಂಟಿಮೀಟರಿಗಿಂತ ಗಿಡ್ಡ ಇರುವ ಪುಟಾಣಿಗಳಿಗೆ ಟಿಕೆಟ್ ಇಲ್ಲ, 140 ಸೆಂಟಿಮೀಟರ್ ದಾಟಿದವರಿಗೆ ದೊಡ್ಡವರ ದರ. ಜೋರಿನ ರೈಡುಗಳಲ್ಲಿ ಹಲವಕ್ಕೆ ಆ 140ರ ಗೆರೆ ದಾಟಿರಬೇಕು. ಇದು ಮಕ್ಕಳನ್ನು ಸತಾಯಿಸಲು ಮಾಡಿದ ನಿಯಮವಲ್ಲ. ನಮ್ಮನ್ನು ಸೀಟಿಗೆ ಹಿಡಿದಿಡುವ ಕಬ್ಬಿಣದ ಪಟ್ಟಿ ಭುಜಕ್ಕೋ ತೊಡೆಗೋ ಸರಿಯಾಗಿ ಕೂರಬೇಕು. ಮೈ ಚಿಕ್ಕದಾದರೆ ಪಟ್ಟಿಯ ಸಂದಿನಿಂದ ಜಾರಿಬಿಡುವ ಅಪಾಯವಿದೆ.

ಆದ್ದರಿಂದ ಹೊರಡುವ ಮುನ್ನವೇ ಮನೆಯ ಗೋಡೆಗೆ ಮಗುವನ್ನು ನಿಲ್ಲಿಸಿ ಅಳೆಯಿರಿ. ಇದು ಅಜ್ಜನ ಕೆಲಸವಾಗಲಿ. ಯಾವುದಕ್ಕೆ ಹೋಗಬಹುದು, ಯಾವುದು ಮುಂದಿನ ವರ್ಷಕ್ಕೆ ಎಂದು ಮೊದಲೇ ಗೊತ್ತಿದ್ದರೆ ಬಾಗಿಲಲ್ಲಿ ಕಣ್ಣೀರು ಬರುವುದಿಲ್ಲ.

ತಂಬಿಗೆ ಹೇಳುವ ವಿಜ್ಞಾನ

ರೋಲರ್ ಕೋಸ್ಟರ್ ನೋಡಿ ಅಂಜುವ ಮಕ್ಕಳಿಗೆ ಅದು ಹೇಗೆ ಓಡುತ್ತದೆ ಎಂದು ಮೊದಲೇ ತಿಳಿಸಿದರೆ ಹೆದರಿಕೆ ಅರ್ಧ ಇಳಿಯುತ್ತದೆ. ಸಾಮಾನ್ಯ ಕೋಸ್ಟರಿನ ಗಾಡಿಗೆ ತನ್ನದೇ ಎಂಜಿನ್ ಇರುವುದಿಲ್ಲ. ಒಂದು ಸರಪಳಿ ಅದನ್ನು ಮೊದಲ ದಿಬ್ಬದ ನೆತ್ತಿಗೆ ಎಳೆದು ಬಿಟ್ಟುಬಿಡುತ್ತದೆ. ಮುಂದಿನದೆಲ್ಲಾ ಭೂಮಿಯ ಸೆಳೆತದ ಆಟ. ದಾರಿಯಲ್ಲಿ ಗಾಳಿ ಮತ್ತು ಹಳಿಯ ತಿಕ್ಕಾಟಕ್ಕೆ ವೇಗ ಸ್ವಲ್ಪ ಸ್ವಲ್ಪ ಖರ್ಚಾಗುವುದರಿಂದ ಆಮೇಲಿನ ದಿಬ್ಬಗಳೆಲ್ಲ ಮೊದಲಿನದಕ್ಕಿಂತ ಗಿಡ್ಡ. ಹತ್ತುವಾಗ ಕೇಳುವ ಟಕಟಕ ಸದ್ದಿಗೂ ಹೆದರಬೇಕಿಲ್ಲ. ಗಾಡಿ ಹಿಂದಕ್ಕೆ ಜಾರದಂತೆ ತಡೆಯುವ ಹಲ್ಲುಗಳ ಸದ್ದು ಅದು.

ತಲೆಕೆಳಗಾದಾಗ ಯಾಕೆ ಬೀಳುವುದಿಲ್ಲ? ಹಿತ್ತಿಲಲ್ಲಿ ಅಜ್ಜಿಯೇ ಇದನ್ನು ತೋರಿಸಬಹುದು. ಹಿಡಿಯುಳ್ಳ ಸಣ್ಣ ಬಕೆಟ್ಟಿಗೋ ಹಗ್ಗ ಕಟ್ಟಿದ ತಂಬಿಗೆಗೋ ಅರ್ಧ ನೀರು ತುಂಬಿ, ಸುತ್ತ ಯಾರೂ ಇಲ್ಲದಂತೆ ನೋಡಿಕೊಂಡು, ಮೇಲಿಂದ ಕೆಳಕ್ಕೆ ಜೋರಾಗಿ ಸುತ್ತಿಸಿ. ನೀರು ಚೆಲ್ಲುವುದಿಲ್ಲ. ನಿಧಾನ ಮಾಡಿದರೆ ಮಾತ್ರ ಸ್ನಾನ!

ಅಜ್ಜ ಅಜ್ಜಿಗೆ ಯಾವುದು?

ರಕ್ತದೊತ್ತಡ, ಹೃದಯದ ತೊಂದರೆ, ಬೆನ್ನು–ಕುತ್ತಿಗೆ ನೋವು ಇರುವವರು ಜೋರಿನ ರೈಡಿನ ಹತ್ತಿರ ಹೋಗಬಾರದು. "ನನಗೇನಾಗುತ್ತದೆ" ಎಂಬ ಧೈರ್ಯ ಇಲ್ಲಿ ಬೇಡ. ಅನುಮಾನವಿದ್ದರೆ ವೈದ್ಯರನ್ನು ಮೊದಲೇ ಕೇಳಿ. ಹಾಗೆಂದು ಉಳಿದದ್ದು ಬೆಂಚು ಒಂದೇ ಅಲ್ಲ. ನಿಧಾನವಾಗಿ ಸುತ್ತುವ ಆಟಗಳಿವೆ, ಅಲೆಯ ಕೊಳದ ಅಂಚಿನಲ್ಲಿ ಕಾಲು ನೆನೆಸಬಹುದು, ತೊಟ್ಟಿಲಿದೆ.

ತೊಟ್ಟಿಲು ಎಂದರೆ ಜಾತ್ರೆಯಲ್ಲಿ ಅಜ್ಜ ಅಜ್ಜಿ ಕೂತಿದ್ದ ಅದೇ ಜಾಯಂಟ್ ವೀಲ್. ಇದರ ಕಥೆಯೂ ಸೊಗಸು. 1893ರಲ್ಲಿ ಶಿಕಾಗೋದ ವಿಶ್ವ ಮೇಳಕ್ಕಾಗಿ ಜಾರ್ಜ್ ಫೆರಿಸ್ ಎಂಬ ಎಂಜಿನಿಯರ್ 264 ಅಡಿ ಎತ್ತರದ ಚಕ್ರ ನಿಲ್ಲಿಸಿದರು. ಅದಕ್ಕೆ 36 ಡಬ್ಬಿಗಳು, ಒಂದೊಂದರಲ್ಲಿ 60 ಜನ! ಅವರ ಹೆಸರಿನಿಂದಲೇ ಅದಕ್ಕೆ ಫೆರಿಸ್ ವೀಲ್ ಎಂಬ ಹೆಸರು ಬಂತು.

ಒಂದು ಆಟ ಹೀಗೆ ಆಡಿ. ಹುಟ್ಟುಹಬ್ಬದ ಮಗು ಮನೆಯ ಪ್ರತಿಯೊಬ್ಬರಿಗೂ ಒಂದೊಂದು ರೈಡ್ ಆರಿಸಿ ಕೊಡಲಿ. ಅಜ್ಜಿಗೆ ಯಾವುದು ಹಿತ, ಅಜ್ಜನ ಮಂಡಿಗೆ ಯಾವುದು ಸರಿ ಎಂದು ಮಗುವೇ ಯೋಚಿಸಲಿ. ಪ್ರತಿ ರೈಡಿಗೂ ಆರಿಸಿದ ಮಗು ಜೊತೆಗೆ ಕೂರಬೇಕು. ಉಡುಗೊರೆ ಪಡೆಯುವ ದಿನವೇ ಉಡುಗೊರೆ ಕೊಟ್ಟಂತೆಯೂ ಆಯಿತು. ಬ್ಯಾಗುಗಳನ್ನು ಲಾಕರಿನಲ್ಲಿಟ್ಟರೆ ಕಾಯುವ ಕೆಲಸವೂ ಇಲ್ಲ.

ಕೇಕು ಎಲ್ಲಿ, ಬಿಲ್ಲೆ ಯಾಕೆ?

ಇಂಥ ಪಾರ್ಕುಗಳಲ್ಲಿ ಹೊರಗಿನ ತಿಂಡಿಗೆ ಸಾಮಾನ್ಯವಾಗಿ ಅವಕಾಶವಿಲ್ಲ. ಆರತಿ, ಪಾಯಸವನ್ನು ಬೆಳಗ್ಗೆ ಮನೆಯಲ್ಲೇ ಮುಗಿಸಿ. ಕೇಕು ಬೇಕೆಂದರೆ ಮೊದಲೇ ಪಾರ್ಕಿನವರನ್ನು ಕೇಳಿಕೊಳ್ಳಿ. ಔಷಧಿ ಮಾತ್ರ ಮರೆಯಬೇಡಿ. ಹೊಟ್ಟೆ ತುಂಬಾ ಉಂಡ ಕೂಡಲೇ ಸುತ್ತುವ ರೈಡಿಗೆ ಹೋಗಬೇಡಿ. ಊಟವಾದ ಮೇಲೆ ಮುಕ್ಕಾಲು ಗಂಟೆ ಎಲ್ಲರಿಗೂ ನೆರಳು. ಆಗ ಬೆಂಚಿನ ಮೇಲೆ ಕೂರಬಹುದು, ಆದರೆ ಎಲ್ಲರೂ ಒಟ್ಟಿಗೆ!

ಡಿಸ್ನಿಯ ಪಾರ್ಕುಗಳಲ್ಲಿ ಹುಟ್ಟುಹಬ್ಬದ ಮಕ್ಕಳಿಗೆ ಎದೆಗೆ ಸಿಕ್ಕಿಸಿಕೊಳ್ಳುವ ಬಿಲ್ಲೆಯನ್ನು ಪುಕ್ಕಟೆ ಕೊಡುತ್ತಾರೆ. ಅದನ್ನು ನೋಡಿದ ಸಿಬ್ಬಂದಿ ದಿನವಿಡೀ ಶುಭ ಹಾರೈಸುತ್ತಾರೆ. ನಾವೂ ರಟ್ಟಿನಲ್ಲಿ ಅಂಥದ್ದೊಂದನ್ನು ಮಾಡಿಕೊಳ್ಳಬಹುದು. ಮುಂದೆ "ಇಂದು ನನ್ನ ಹುಟ್ಟುಹಬ್ಬ" ಎಂದಿರಲಿ. ಹೆಸರು ಬೇಡ, ಅಪರಿಚಿತರು ಹೆಸರು ಹಿಡಿದು ಕರೆದರೆ ಮಕ್ಕಳು ಮೋಸಹೋಗಬಹುದು. ಹಿಂಬದಿಯಲ್ಲಿ ಅಪ್ಪ ಅಥವಾ ಅಮ್ಮನ ಫೋನ್ ನಂಬರ್ ಬರೆಯಿರಿ. ಗುಂಪಿನಲ್ಲಿ ತಪ್ಪಿಸಿಕೊಂಡರೆ ಸಮವಸ್ತ್ರದ ಸಿಬ್ಬಂದಿಯ ಹತ್ತಿರ ಹೋಗಿ ಬಿಲ್ಲೆ ತಿರುಗಿಸಿ ತೋರಿಸಬೇಕು ಎಂದು ಹೇಳಿಕೊಡಿ. ನೀರಿಗೆ ಇಳಿಯುವಾಗ ಬಿಲ್ಲೆ ತೆಗೆದು, ಒಬ್ಬ ದೊಡ್ಡವರು ಕೈಯಳತೆಯಲ್ಲೇ ಇರಲಿ.

ಕೊನೆಗೊಂದು ಮಾತು. ಟಿಕೆಟ್ಟಿಗೆ ಹಣ ಕೂಡಲಿಲ್ಲವೆಂದು ಬೇಸರ ಬೇಡ. ಊರ ಜಾತ್ರೆಯ ತೊಟ್ಟಿಲಾದರೂ, ಬಡಾವಣೆಯ ಪಾರ್ಕಿನ ಉಯ್ಯಾಲೆಯಾದರೂ ನಡೆದೀತು. ಮೊಮ್ಮಗಳು ಉಯ್ಯಾಲೆಯಲ್ಲಿ ಕೂತಾಗ ಅಜ್ಜ ತಳ್ಳಲಿ, ಆಮೇಲೆ ಅಜ್ಜನನ್ನು ಕೂರಿಸಿ ಮೊಮ್ಮಗಳು ತಳ್ಳಲಿ.