ಸೋತರೆ ಕೋಚ್ ಕೆಟ್ಟವ, ಗೆದ್ದರೆ ಹುಡುಗ ಗಟ್ಟಿಗ!

ಕಾಲೇಜಿನ ಫುಟ್‌ಬಾಲ್ ತಂಡ ಮೊದಲ ಸುತ್ತಿನಲ್ಲೇ ಸೋತು ಬಂತೆಂದರೆ ಸಾಕು, ಬಸ್ ಸ್ಟ್ಯಾಂಡಿನಿಂದ ಮಾರ್ಕೆಟ್ ರಸ್ತೆಯವರೆಗೆ ನ್ಯಾಯಾಧೀಶರು ಹುಟ್ಟಿಕೊಳ್ಳುತ್ತಾರೆ. ವಾದ ಮಾತ್ರ ಎರಡೇ.

"ಏನೇ ಹೇಳಿ ಶೆಟ್ರೇ, ಕೋಚ್ ಸರಿಯಿಲ್ಲ. ಅವರನ್ನ ಬದಲಾಯಿಸಿದ್ರೆ ತಾನೇ ಸರಿಹೋಗುತ್ತೆ."

"ಸುಮ್ನಿರಿ ರಾಯರೇ, ಹುಡುಗ್ರಲ್ಲೇ ದಮ್ಮಿಲ್ಲ. ಕೋಚ್ ಬಂದು ಅವರ ಕಾಲಿಗೆ ಕಾಲು ಜೋಡಿಸೋಕಾಗುತ್ತಾ?"

ಟೀ ಮುಗಿಯುವ ಹೊತ್ತಿಗೆ ವಾದವೂ ಮುಗಿಯುತ್ತದೆ. ಆದರೆ ಇದು ಬರೀ ಹರಟೆ ಅಂತ ತಿಳಿಯಬೇಡಿ. ಇದೇ ಮಾತು ಕಾಲೇಜಿನ ಆಡಳಿತ ಮಂಡಳಿಯ ಕಿವಿಗೆ ಬಿದ್ದರೆ, ತಿಂಗಳಿಗೆ ಇಷ್ಟು ಅಂತ ಗೌರವಧನ ಪಡೆಯುವ ತರಬೇತುದಾರನ ಕೆಲಸ ಹೋಗುತ್ತದೆ. 'ನಿನ್ನ ಕೈಲಾಗೋಲ್ಲ' ಅಂತ ನಾಲ್ಕು ಜನ ಅಂದರೆ ಹದಿನೆಂಟರ ಹುಡುಗ ಬೂಟು ಬಿಚ್ಚಿ ಅಟ್ಟಕ್ಕೆ ಎಸೆಯುತ್ತಾನೆ. ಎರಡು ವರ್ಷ ಸತತವಾಗಿ ಸೋತರೆ 'ಈ ಆಟಕ್ಕೆ ಯಾಕೆ ದುಡ್ಡು?' ಅಂತ ತಂಡಕ್ಕೇ ಬೀಗ ಬೀಳಬಹುದು. ಹೀಗಾಗಿ ತೀರ್ಪು ಕೊಡುವ ಮುಂಚೆ ಸಾಕ್ಷಿ ನೋಡೋಣ. ಸಾಕ್ಷಿಗಳು ದೊಡ್ಡವು, ದಾಖಲೆಯಲ್ಲಿರುವಂಥವು.

ರಹೀಂ ಸಾಹೇಬರ ಸಾಕ್ಷಿ

ಮೊದಲು ಕೋಚ್ ಪಕ್ಷದ ಸಾಕ್ಷಿ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಮೂಲತಃ ಶಾಲಾ ಮೇಷ್ಟ್ರು. ಅವರು ತಯಾರು ಮಾಡಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ಮುಂಬೈಯ ರೋವರ್ಸ್ ಕಪ್ ಗೆದ್ದಿತು. ಅವರ ಕೈಕೆಳಗೆ ಭಾರತ 1951ರಲ್ಲಿ ದೆಹಲಿ ಏಷ್ಯನ್ ಕ್ರೀಡಾಕೂಟದ ಚಿನ್ನ ತಂದಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು ಅವರ ನೆಲದಲ್ಲೇ 4-2ರಿಂದ ಸೋಲಿಸಿ ನಾಲ್ಕನೇ ಸ್ಥಾನಕ್ಕೆ ಬಂತು. 1962ರಲ್ಲಿ ಜಕಾರ್ತದಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಮಣಿಸಿ ಮತ್ತೆ ಚಿನ್ನ.

ಎಡಗಾಲು ಸೋಮಾರಿಯಾದವನಿಗೆ ಎಡಗಾಲಿನಲ್ಲೇ ಆಡಿಸುವುದು, ಚೆಂಡನ್ನು ಕಾಲಲ್ಲಿಟ್ಟುಕೊಂಡು ಮೆರೆಯದೆ ತಕ್ಷಣ ಜೊತೆಗಾರನಿಗೆ ಕೊಡಿಸುವುದು, ಇವು ರಹೀಂ ಸಾಹೇಬರ ಪಾಠ. ಜಕಾರ್ತದಲ್ಲಿ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿಸಿಕೊಂಡಿದ್ದರು. ಅವರು ಹಿಂದೆ ನಿಂತು ರಕ್ಷಣೆ ಮಾಡುವ ಆಟಗಾರ. ರಹೀಂ ಅವರನ್ನು ಎತ್ತಿ ಮುಂದಿನ ಸಾಲಿಗೆ ಹಾಕಿದರು. ಫೈನಲ್‌ನಲ್ಲಿ ಒಂದು ಗೋಲು ಪಿ. ಕೆ. ಬ್ಯಾನರ್ಜಿಯದು, ಇನ್ನೊಂದು ಅದೇ ಜರ್ನೈಲ್ ಸಿಂಗರದು!

ಈಗ ಹೇಳಿ, ಆ ಗೋಲು ಯಾರ ಲೆಕ್ಕಕ್ಕೆ? ಜಾಗ ಬದಲಿಸಿದ ಬುದ್ಧಿ ಕೋಚಿನದು. ಹೊಲಿಗೆ ಹಾಕಿದ ತಲೆಯಲ್ಲಿ ಮೈದಾನಕ್ಕಿಳಿದ ಎದೆಗಾರಿಕೆ ಆಟಗಾರನದು. ತಕ್ಕಡಿಯ ಯಾವ ತಟ್ಟೆಗೆ ಹಾಕುತ್ತೀರಿ?

1963ರ ಜೂನ್‌ನಲ್ಲಿ ರಹೀಂ ತೀರಿಕೊಂಡರು. ಮರುದಿನವೇ ಎಲ್ಲಾ ಕುಸಿದುಬಿತ್ತೇ? ಇಲ್ಲ. 1964ರ ಏಷ್ಯಾ ಕಪ್‌ನಲ್ಲಿ ಭಾರತ ಎರಡನೇ ಸ್ಥಾನ ಪಡೆಯಿತು. 1970ರಲ್ಲಿ ಬ್ಯಾಂಕಾಕಿನಲ್ಲಿ ಕಂಚು ಬಂತು. ಆಮೇಲೆ ಏಷ್ಯನ್ ಕ್ರೀಡಾಕೂಟದ ಪುರುಷರ ಫುಟ್‌ಬಾಲ್‌ನಲ್ಲಿ ಪದಕವೇ ಇಲ್ಲ. ಒಳ್ಳೆಯ ಮೇಷ್ಟ್ರು ಕಲಿಸಿದ್ದು ಅವರು ಹೋದ ಮೇಲೂ ಕೆಲವು ವರ್ಷ ಉಳಿಯುತ್ತದೆ, ಕಲಿಸುವವರ ಸಾಲು ನಿಂತರೆ ಮಾತ್ರ ನಿಧಾನಕ್ಕೆ ಬಾವಿ ಬತ್ತುತ್ತದೆ. ಇವತ್ತಿನ ಸೋಲಿಗೆ ಇವತ್ತಿನ ಕೋಚೇ ಕಾರಣ ಅನ್ನುವವರು ಇದನ್ನು ಗಂಟು ಹಾಕಿಕೊಳ್ಳಬೇಕು.

ನಮ್ಮ ಮನೆಯ ಲೆಕ್ಕ

ಹೊರಗಿನ ಮಾತು ಬಿಡಿ, ನಮ್ಮ ರಾಜ್ಯಕ್ಕೆ ಬನ್ನಿ. ರೋವರ್ಸ್ ಕಪ್ ಗೆದ್ದ ಮೊಟ್ಟಮೊದಲ ಭಾರತೀಯ ತಂಡ ಯಾವುದು ಗೊತ್ತೇ? ಕೋಲ್ಕತ್ತದ್ದಲ್ಲ, ನಮ್ಮ ಬೆಂಗಳೂರು ಮುಸ್ಲಿಮ್ಸ್! 1937ರಲ್ಲಿ ಒಮ್ಮೆ, ಮರುವರ್ಷ ಇನ್ನೊಮ್ಮೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಪರ ಆಡಿದ ಅಹ್ಮದ್ ಖಾನ್ ಬೆಂಗಳೂರಿನವರು.

ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಸಲ ಗೆದ್ದಿದೆ. 1946-47, 1952-53, 1967-68 ಮತ್ತು 1968-69. ಆಮೇಲೆ ರಾಜ್ಯದ ಹೆಸರು ಕರ್ನಾಟಕವಾಯಿತು, ಟ್ರೋಫಿ ಮಾತ್ರ ಬರಲಿಲ್ಲ. 54 ವರ್ಷ ಕಾದ ಮೇಲೆ 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಕಪ್ ಎತ್ತಿತು. ಕೋಚ್ ರವಿ ಬಾಬು ರಾಜು. ಕರ್ನಾಟಕ ಎಂಬ ಹೆಸರಲ್ಲಿ ಅದೇ ಮೊದಲ ಗೆಲುವು.

ಈಗ ನಮ್ಮ ಟೀ ಅಂಗಡಿ ನ್ಯಾಯಾಧೀಶರು ಉತ್ತರ ಕೊಡಲಿ. ಈ 54 ವರ್ಷದಲ್ಲಿ ರಾಜ್ಯದಲ್ಲಿ ಒಬ್ಬನೂ ಒಳ್ಳೇ ಕೋಚ್ ಇರಲಿಲ್ಲವೇ? ಒಬ್ಬ ಹುಡುಗನ ಕಾಲಿನಲ್ಲೂ ಆಟವಿರಲಿಲ್ಲವೇ? ಎರಡೂ ಸುಳ್ಳು. ಬೆಂಗಳೂರಿನ ಗೌತಮಪುರದ ಗಲ್ಲಿಗಳಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡು ಫುಟ್‌ಬಾಲನ್ನೇ ಉಸಿರಾಡುವ ಜನ ಇದ್ದಾರೆ. ಆದರೆ ಒಂದು ಕಾಲದಲ್ಲಿ ಎಚ್.ಎ.ಎಲ್., ಐ.ಟಿ.ಐ. ತರಹದ ಕಾರ್ಖಾನೆಗಳು ಆಟಗಾರನಿಗೆ ಕೆಲಸ ಕೊಟ್ಟು ತಂಡ ಕಟ್ಟುತ್ತಿದ್ದವು. ಚೆಂಡು ಚೆನ್ನಾಗಿ ಒದ್ದರೆ ಮನೆಯ ಒಲೆ ಉರಿಯುತ್ತದೆ ಅನ್ನುವ ಧೈರ್ಯ ತಂದೆತಾಯಿಗಿತ್ತು. ಆ ಬಾಗಿಲು ಕಿರಿದಾದಂತೆ 'ಆಟ ಸಾಕು, ಓದಿಕೋ' ಅನ್ನುವ ಮಾತು ಜೋರಾಯಿತು. ಪ್ರತಿಭೆ ಆಕಾಶದಿಂದ ಉದುರುವುದಿಲ್ಲ ಸ್ವಾಮಿ, ಅದಕ್ಕೂ ಅನ್ನ ಬೇಕು.

ಒಬ್ಬನೇ ಕೋಚ್, ಎರಡು ಫಲ

ಹುಡುಗರ ಪಕ್ಷದವರಿಗೆ ಬೆಂಗಳೂರು ಎಫ್‌ಸಿ ಒಳ್ಳೆಯ ಸಾಕ್ಷಿ. 2013ರಲ್ಲಿ ಹುಟ್ಟಿದ ತಂಡ, ಆಶ್ಲಿ ವೆಸ್ಟ್‌ವುಡ್ ಕೋಚ್ ಆಗಿದ್ದಾಗ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2018-19ರಲ್ಲಿ ಕಾರ್ಲೆಸ್ ಕ್ವಾಡ್ರಾಟ್ ಕೈಕೆಳಗೆ ಐ.ಎಸ್.ಎಲ್. ಕಿರೀಟ. ಅದೇ ಕ್ವಾಡ್ರಾಟ್ 2021ರ ಜನವರಿಯಲ್ಲಿ ಸೋಲಿನ ಸರಣಿಯ ನಡುವೆ ಮನೆಗೆ ಹೋದರು.

ಮುಂದೆ ಸೈಮನ್ ಗ್ರೇಸನ್ ಬಂದರು. 2022ರಲ್ಲಿ ಡ್ಯುರಾಂಡ್ ಕಪ್ ತಂದರು. 2022-23ರ ಐ.ಎಸ್.ಎಲ್. ಫೈನಲ್‌ವರೆಗೆ ತಂಡವನ್ನು ಒಯ್ದು ಪೆನಾಲ್ಟಿಯಲ್ಲಿ ಸೋತರು. ಊರೆಲ್ಲಾ ಹೊಗಳಿತು. ಮುಂದಿನ ವರ್ಷ? ಸಂದೇಶ್ ಜಿಂಗನ್, ರಾಯ್ ಕೃಷ್ಣ, ಉದಾಂತ ಸಿಂಗ್ ತರಹದ ಆಟಗಾರರು ಬೇರೆ ತಂಡ ಸೇರಿದ್ದರು. ಅದೇ ಗ್ರೇಸನ್, ಅದೇ ಬುದ್ಧಿ. ತಂಡ ಮಾತ್ರ ಜಾರಿತು. 2023ರ ಡಿಸೆಂಬರ್‌ನಲ್ಲಿ ಅವರನ್ನು ಕಳಿಸಿಬಿಟ್ಟರು. ಕೋಚ್ ಬದಲಾದ ಕೂಡಲೇ ಪವಾಡವೇನೂ ಆಗಲಿಲ್ಲ. 2023-24ರಲ್ಲಿ 12 ತಂಡಗಳಲ್ಲಿ 10ನೇ ಸ್ಥಾನ! ಹೊಸ ಕೋಚ್ ಜೆರಾರ್ಡ್ ಸರಗೋಜಾಗೆ ಒಂದು ಪೂರ್ತಿ ವರ್ಷ ಸಿಕ್ಕ ಮೇಲೆ, 2024-25ರಲ್ಲಿ ತಂಡ ಮತ್ತೆ ಫೈನಲ್ ತಲುಪಿತು.

ಮೊದಲ ಮೂರು ತಿಂಗಳಲ್ಲಿ ದಡ್ಡ ಅನ್ನಿಸಿಕೊಂಡವನು ಮುಂದಿನ ವರ್ಷ ಜಾಣನಾದ. ಗೆದ್ದೆತ್ತಿನ ಬಾಲ ಹಿಡಿಯುವುದು ನಮ್ಮ ಜನಕ್ಕೆ ಹೊಸತೇ?

ಅಮೆರಿಕದ ಕಾಲೇಜಿನ ಕಥೆ

ಇವೆಲ್ಲ ದೊಡ್ಡವರ ತಂಡಗಳು, ಕಾಲೇಜಿನದು ಹೇಳಿ ಅನ್ನುತ್ತೀರಾ? ಅದೂ ಇದೆ. ಅಮೆರಿಕದಲ್ಲಿ ಫುಟ್‌ಬಾಲ್ ಅಂದರೆ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಅಲ್ಲಿನ ಕಾಲೇಜು ಪಂದ್ಯಗಳಿಗೆ ನಮ್ಮ ಜಾತ್ರೆಗಿಂತ ಹೆಚ್ಚು ಜನ ಸೇರುತ್ತಾರೆ. ಕ್ಯಾನ್ಸಸ್ ಸ್ಟೇಟ್ ಅನ್ನುವ ವಿಶ್ವವಿದ್ಯಾಲಯದ ತಂಡ ದಶಕಗಟ್ಟಲೆ ಸೋಲಿಗೇ ಹೆಸರಾಗಿತ್ತು. 1988ರ ಕೊನೆಗೆ ಬಿಲ್ ಸ್ನೈಡರ್ ಕೋಚ್ ಆಗಿ ಬಂದಾಗ ಅದು ಸತತ 27 ಪಂದ್ಯಗಳಲ್ಲಿ ಗೆಲುವೇ ಕಂಡಿರಲಿಲ್ಲ.

ಸ್ನೈಡರ್‌ಗೆ ಮೊದಲ ವರ್ಷ 11 ಪಂದ್ಯಗಳಲ್ಲಿ ಸಿಕ್ಕಿದ್ದು ಒಂದೇ ಗೆಲುವು. ನಮ್ಮ ಊರಾಗಿದ್ದರೆ ಅವತ್ತೇ ಗಂಟುಮೂಟೆ ಕಟ್ಟಿಸುತ್ತಿದ್ದರು! ಅವರು ಕಾದರು. ಎರಡನೇ ವರ್ಷ 5, ಮೂರನೇ ವರ್ಷ 7, ಐದನೇ ವರ್ಷ 9 ಗೆಲುವು. 2003ರಲ್ಲಿ ವಲಯದ ಚಾಂಪಿಯನ್. 2005ರಲ್ಲಿ ಸ್ನೈಡರ್ ನಿವೃತ್ತರಾದರು. ಮುಂದಿನ ಮೂರು ವರ್ಷ ಇನ್ನೊಬ್ಬ ಕೋಚ್ ಇದ್ದಾಗ 17 ಗೆಲುವು, 20 ಸೋಲು. 2009ರಲ್ಲಿ ಮತ್ತೆ ಸ್ನೈಡರನ್ನೇ ಕರೆತಂದರು. 2012ರಲ್ಲಿ ತಂಡ ಮತ್ತೆ ವಲಯದ ಅಗ್ರಸ್ಥಾನಕ್ಕೆ ಬಂತು. ಅದೇ ಊರು, ಅದೇ ಮೈದಾನ. ಕೋಚ್ ಹೋದಾಗ ಇಳಿಯಿತು, ಬಂದಾಗ ಏರಿತು.

ಹಾಗಾದರೆ ಕೋಚ್ ಪಕ್ಷ ಗೆದ್ದಿತೇ? ತಡೆಯಿರಿ. ಅಲ್ಲಿ ಹುಡುಗರನ್ನು ಹುಡುಕಿ ತರುವವನೂ ಕೋಚೇ. ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳು ಕಣ್ಣೆತ್ತಿ ನೋಡದ, ಎರಡು ವರ್ಷದ ಸಣ್ಣ ಕಾಲೇಜುಗಳ ಹುಡುಗರನ್ನು ಸ್ನೈಡರ್ ಆರಿಸಿ ತಂದು ಗಟ್ಟಿ ಮಾಡಿದರು. ಓದಲು ವಿದ್ಯಾರ್ಥಿವೇತನ, ಊಟ, ವಸತಿ ಎಲ್ಲ ಕೊಟ್ಟು ಕರೆತರುವ ವ್ಯವಸ್ಥೆ ಅಲ್ಲಿದೆ. ಕೋಚ್ ಮತ್ತು ಪ್ರತಿಭೆ ಅಲ್ಲಿ ಬೇರೆಬೇರೆ ಪೆಟ್ಟಿಗೆಯಲ್ಲಿಲ್ಲ.

ನಮ್ಮಲ್ಲಿ ಹೇಗಿದೆ?

ನಮ್ಮ ಜಿಲ್ಲಾ ಮಟ್ಟದ ಕಾಲೇಜುಗಳಲ್ಲಿ ಹುಡುಗ ಬರುವುದು ಬಿ.ಕಾಂ. ಸೀಟಿಗೆ. ಫುಟ್‌ಬಾಲ್ ಆಡುತ್ತಾನೋ ಇಲ್ಲವೋ ಅನ್ನುವುದು ಆಮೇಲೆ ಗೊತ್ತಾಗುವ ಸಂಗತಿ. ಬಹಳ ಕಡೆ ಫುಟ್‌ಬಾಲ್‌ಗೆ ಅಂತ ಪ್ರತ್ಯೇಕ ಕೋಚೇ ಇರುವುದಿಲ್ಲ. ಇರುವುದು ಒಬ್ಬರೇ ಪಿ.ಟಿ. ಮೇಷ್ಟ್ರು. ಕಬಡ್ಡಿಗೂ ಅವರೇ, ವಾಲಿಬಾಲ್‌ಗೂ ಅವರೇ, ಆಗಸ್ಟ್ 15ರ ಪೆರೇಡಿಗೂ ಅವರೇ. ಪಂದ್ಯಾವಳಿಯ ಸುತ್ತೋಲೆ ಬಂದ ಮೇಲೆ ನೋಟಿಸ್ ಬೋರ್ಡಿಗೆ ಚೀಟಿ ಅಂಟಿಸಿ ತಂಡ ಕಟ್ಟುತ್ತಾರೆ. ಹತ್ತು ಹದಿನೈದು ದಿನ ಅಭ್ಯಾಸ. ಸೆಮಿಸ್ಟರ್ ಪರೀಕ್ಷೆ ಅಡ್ಡ ಬಂದರೆ ಅದೂ ಇಲ್ಲ. ಸಂಜೆ ಐದೂವರೆಯ ಬಸ್ ತಪ್ಪಿದರೆ ಹಳ್ಳಿಯ ಹುಡುಗ ರಾತ್ರಿ ಮನೆ ಸೇರುವುದು ಹೇಗೆ? ಐದು ಗಂಟೆಗೆ ಅರ್ಧ ತಂಡ ಸ್ಟ್ಯಾಂಡಿನ ಕಡೆ ಓಡುತ್ತದೆ. ಮೂರು ವರ್ಷಕ್ಕೆ ಆಟ ಕಲಿತವನು ಮಾರ್ಕ್ಸ್ ಕಾರ್ಡ್ ಹಿಡಿದು ಹೋಗುತ್ತಾನೆ. ಮತ್ತೆ ಅ ಆ ಇ ಈ.

ಪಕ್ಕದ ಕೇರಳ ನೋಡಿ. ಕ್ಯಾಲಿಕಟ್ ವಿಶ್ವವಿದ್ಯಾಲಯ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಫುಟ್‌ಬಾಲನ್ನು ಹಲವು ಸಲ ಗೆದ್ದಿದೆ. ಅಲ್ಲಿ ಮಲಪ್ಪುರಂ ಕಡೆ ಗದ್ದೆ ಕೊಯ್ಲು ಮುಗಿದರೆ ಏಳು ಜನರ ಪಂದ್ಯಾವಳಿಗೆ ಊರೇ ಸೇರುತ್ತದೆ. ಹುಡುಗ ಕಾಲೇಜಿಗೆ ಬರುವ ಹೊತ್ತಿಗೆ ಅರ್ಧ ಆಟಗಾರನಾಗಿರುತ್ತಾನೆ. ಕಾಲೇಜಿನ ಕೋಚ್‌ಗೆ ಉಳಿಯುವುದು ಮಿಕ್ಕರ್ಧ ಕೆಲಸ.

ನೀವೇ ನೋಡಿ ತೀರ್ಮಾನಿಸಿ

ಮುಂದಿನ ಪಂದ್ಯಕ್ಕೆ ಹೋದಾಗ ಬರೀ ಸ್ಕೋರು ನೋಡಬೇಡಿ. ಗೋಲು ಯಾವಾಗ ಬಿತ್ತು, ಹೇಗೆ ಬಿತ್ತು ನೋಡಿ. ಮೊದಲರ್ಧ ಸಮನಾಗಿ ಆಡಿ ಕೊನೆಯ 20 ನಿಮಿಷದಲ್ಲಿ ಎರಡು ಮೂರು ಗೋಲು ಬಿಟ್ಟುಕೊಟ್ಟರೆ, ಅದು ಉಸಿರಿನ ಕೊರತೆ. ಅಭ್ಯಾಸವಿಲ್ಲ, ಹೊಟ್ಟೆಗೆ ಸರಿಯಾಗಿ ಬಿದ್ದಿಲ್ಲ. ಕಾರ್ನರ್, ಫ್ರೀ ಕಿಕ್ ಬಂದಾಗಲೆಲ್ಲ ಎದುರಾಳಿಯನ್ನು ಯಾರು ಕಾಯಬೇಕು ಅಂತ ಗೊತ್ತಿಲ್ಲದೆ ಮುಖ ಮುಖ ನೋಡಿಕೊಂಡರೆ, ಅದು ಕಲಿಸದ ತಪ್ಪು. ಅಲ್ಲಿ ಕೋಚನ್ನು ಕೇಳಿ. ಎಲ್ಲರೂ ತಮ್ಮ ಜಾಗದಲ್ಲೇ ಇದ್ದು, ಒಬ್ಬರ ಮುಂದೊಬ್ಬರು ನಿಂತಾಗ ಪ್ರತಿ ಸಲ ನಮ್ಮ ಹುಡುಗನೇ ಸೋತರೆ, ಆಗ ಪ್ರತಿಭೆಯ ಮಾತು ಆಡಬಹುದು. ಪ್ರತಿ ಪಂದ್ಯಕ್ಕೂ ಹನ್ನೊಂದು ಜನರ ಪಟ್ಟಿ ಬದಲಾಗುತ್ತಿದ್ದರೆ, ಆಫೀಸಿನೊಳಗಿನ ಶಿಫಾರಸಿನ ವಾಸನೆ ಹಿಡಿಯಿರಿ.

ಈ ಕಣ್ಣಿನಿಂದ ನೋಡಿದರೆ ನಮ್ಮ ಕಡೆಯ ಕಾಲೇಜು ತಂಡಗಳ ಬಹುಪಾಲು ಸೋಲು ಮೊದಲೆರಡು ಬಗೆಯವು ಅನ್ನುವುದು ಈ ಅಂಕಣದ ಅಭಿಪ್ರಾಯ. ಕಾಲು ಸೋಲುವುದಕ್ಕೆ ಮುಂಚೆ ಉಸಿರು ಸೋಲುತ್ತಿದೆ. ಅಂದರೆ ತರಬೇತಿಯ ಕೊರತೆ ನಿಜ. ಆದರೆ ಅದು ಕೋಚ್ ಕೆಟ್ಟವನು ಎಂಬ ಮಾತಲ್ಲ. ಕೋಚ್‌ಗೆ ಸಮಯ ಕೊಟ್ಟಿಲ್ಲ, ಎಷ್ಟೋ ಕಡೆ ಕೋಚನ್ನೇ ಕೊಟ್ಟಿಲ್ಲ. ಬಿತ್ತದೆ ಬೆಳೆ ಕೇಳುವುದು, ಬರದಿದ್ದರೆ ನೆಲ ಕೆಟ್ಟದ್ದು ಅನ್ನುವುದು ಯಾವ ನ್ಯಾಯ?

ಇದಕ್ಕೆ ಕೋಟಿ ರೂಪಾಯಿ ಬೇಕಾಗಿಲ್ಲ. ಒಬ್ಬ ಕೋಚ್‌ಗೆ ಕನಿಷ್ಠ ಮೂರು ವರ್ಷ ಬಿಡಿ. ಒಂದು ಬ್ಯಾಚಿನ ಹುಡುಗರು ಸೇರಿ ಹೊರಬೀಳುವ ಕಾಲ ಅದು. ತಂಡವನ್ನು ಜೂನ್ ಜುಲೈನಲ್ಲೇ ಆರಿಸಿ, ಸುತ್ತೋಲೆಗೆ ಕಾಯಬೇಡಿ. ಹೈಸ್ಕೂಲು ಮೈದಾನಗಳಿಗೆ ಹೋಗಿ ನೋಡಿ, ಆಡುವ ಹುಡುಗನಿಗೆ ಫೀಸಿನಲ್ಲಿ ರಿಯಾಯಿತಿ ಕೊಟ್ಟು ಕರೆತನ್ನಿ. ಅಭ್ಯಾಸ ಸಂಜೆ ಆಗದಿದ್ದರೆ ಬೆಳಿಗ್ಗೆ ಇಡಿ, ಮೊದಲ ಬಸ್ಸಿಗೆ ಬರುವವರು ಬರುತ್ತಾರೆ.

ಅಂಗಡಿ ಬೀದಿಯ ಮಹಾಜನರಿಗೂ ಒಂದು ಮಾತು. ಪ್ರತಿ ವರ್ಷ ತಂದೆಯವರ ಹೆಸರಲ್ಲಿ ಒಂದು ಷೀಲ್ಡ್ ಕೊಡುತ್ತೀರಿ, ಸಂತೋಷ. ಪ್ರಿನ್ಸಿಪಾಲರ ಕೋಣೆಯ ಗಾಜಿನ ಬೀರುವಿನಲ್ಲಿ ಜಾಗ ಉಳಿದಿಲ್ಲ. ಈ ಸಲ ಷೀಲ್ಡ್ ಬದಲು ಹದಿನೆಂಟು ಹುಡುಗರಿಗೆ ಅಭ್ಯಾಸ ಮುಗಿದ ಮೇಲೆ ಎರಡು ಬಾಳೆಹಣ್ಣು, ಒಂದು ಬೇಯಿಸಿದ ಮೊಟ್ಟೆ ಕೊಡಿಸಿ ನೋಡಿ. ಕೊನೆಯ 20 ನಿಮಿಷದಲ್ಲಿ ಫರಕ್ಕು ಕಾಣದಿದ್ದರೆ, ಆಮೇಲೆ ಕೋಚನ್ನೂ ಬೈಯಿರಿ, ಹುಡುಗರನ್ನೂ ಬೈಯಿರಿ, ಬೇಕಾದರೆ ಈ ಅಂಕಣವನ್ನೂ ಬೈಯಿರಿ!